ಒಂದು ಬಡಿದರೆ ಹೂಂ

ತೀರಿಕೊಂಡ ತಾಯಿಯ ಬೆರಳುಗಳಿಗೆ ಮತ್ತೆ ಸೋಪು ಹಚ್ಚಿ ಮಗಳು ಉಜ್ಜುತ್ತಿದ್ದಳು. ಉಗುರಿನ ಸಂದಿಯ ನೀಲಿ ಬಿಡಲೊಲ್ಲದು.

"ಸಾಕು ಬಿಡೇ," ಎಂದಳು ಚಿಕ್ಕಮ್ಮ. "ಜೀವಮಾನವೆಲ್ಲ ಕೂತಿರೋ ಬಣ್ಣ. ಇವತ್ತು ಹೋಗು ಅಂದ್ರೆ ಹೋಗುತ್ತಾ?"

ಮಗಳು ಆ ಕೈ ಒರೆಸಿ, ನೀಲಿ ಕಾಣದಂತೆ ಮಗುಚಿ ಇಟ್ಟಳು. ಆಮೇಲೆ ಏನನ್ನಿಸಿತೋ, ಮತ್ತೆ ಮೊದಲಿನಂತೆ ತಿರುಗಿಸಿದಳು.

ಮನೆಯ ಮುಂಭಾಗವೇ ನೂಲಿಗೆ ಬಣ್ಣ ಹಾಕಿಕೊಡುವ ಅಂಗಡಿ. ತೀರಿಕೊಂಡವಳ ಗಂಡ ಅಲ್ಲಿ ತನ್ನ ಮಾಮೂಲಿ ಕುರ್ಚಿಯಲ್ಲೇ ಕೂತಿದ್ದ. ಬಂದವರೆಲ್ಲ ಅವನ ಕೈ ಹಿಡಿದು ಒಂದೇ ಮಾತು ಹೇಳುತ್ತಿದ್ದರು: ಇಷ್ಟು ದೊಡ್ಡ ವ್ಯಾಪಾರ ಕಟ್ಟಿದ ಮನುಷ್ಯ ಧೈರ್ಯಗೆಡಬಾರದು, ಪಾಪ, ಆಕೆಯೂ ಕೈಲಾದ ಸಹಾಯ ಮಾಡಿದಳು. ಅವನು ತಲೆಯಾಡಿಸುತ್ತಿದ್ದ. ಯಾವ ಮಾತಿಗೆ ಆಡಿಸುತ್ತಿದ್ದೇನೆ ಎಂಬುದು ಅವನಿಗೇ ತಿಳಿಯುತ್ತಿರಲಿಲ್ಲ.

*

ಹೆಂಡತಿ ಮೊದಲ ಬಣ್ಣದ ಹಂಡೆ ಇಟ್ಟಾಗ ಅವನು ಕೆಲಸ ಕಳೆದುಕೊಂಡು ಮನೆಯಲ್ಲಿದ್ದ. ಬಣ್ಣ ಬೆರೆಸುವುದನ್ನು ಅವಳು ತವರಿನಲ್ಲಿ ಕಲಿತಿದ್ದಳು. ವ್ಯಾಪಾರಿಗಳು ಬರುತ್ತಿದ್ದರು, ಬಣ್ಣ ಮೆಚ್ಚುತ್ತಿದ್ದರು, ಆಮೇಲೆ ಒಳಗೆ ಇಣುಕಿ ಕೇಳುತ್ತಿದ್ದರು: "ಗಂಡಸರು ಯಾರೂ ಇಲ್ವಾ? ರೇಟು ಮಾತಾಡ್ಬೇಕಿತ್ತು." ಸಾಲಕ್ಕೆ ಹೋದರೆ ಬ್ಯಾಂಕಿನಲ್ಲೂ ಅದೇ ಪ್ರಶ್ನೆ.

ಒಂದು ದಿನ ಅವಳು ಮುಂದೆ ಕುರ್ಚಿ ಹಾಕಿ, ಕುರ್ಚಿಗೂ ಹಂಡೆಗೂ ನಡುವೆ ಹಳೆಯ ಚಾದರವೊಂದನ್ನು ಕಟ್ಟಿದಳು.

"ನೀವಿಲ್ಲಿ ಕೂತ್ಕೊಳ್ಳಿ. ಅವರು ಹೇಳಿದ್ದನ್ನ ಜೋರಾಗಿ ಇನ್ನೊಂದು ಸಲ ಹೇಳಿ. ಆಮೇಲೆ ಸುಮ್ನಿರಿ. ಕೋಲಲ್ಲಿ ಹಂಡೆಗೆ ಒಂದು ಬಡಿದ್ರೆ ಹೂಂ, ಎರಡು ಬಡಿದ್ರೆ ಊಹೂಂ."

"ನಾನೇನು ಗೊಂಬೇನಾ?"

"ಗೊಂಬೆಗೆ ಮೀಸೆ ಇರಲ್ಲ. ಅವರಿಗೆ ಬೇಕಾಗಿರೋದೇ ಅದು."

ಸದ್ದಿಗಾಗಿ ಕಾಯುವ ಅವನ ಮೌನಕ್ಕೇ ಪೇಟೆಯಲ್ಲಿ ಹೆಸರು ಬಂತು. ಅಳೆದು ತೂಗಿ ಮಾತಾಡುವವನು, ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ ಎಂದರು. ಕೇಳುತ್ತ ಕೇಳುತ್ತ ಅವನಿಗೂ ಹೌದೆನ್ನಿಸಿತು. ಒಮ್ಮೆ, ಒಂದು ಬಡಿತ ಕೇಳಿ, ದೊಡ್ಡ ಕೆಲಸವೊಂದನ್ನು ಒಪ್ಪಿಕೊಂಡ. ಊಟಕ್ಕೆ ಕೂತಾಗ ಅವಳು, ತಾನು ಬಡಿದೇ ಇರಲಿಲ್ಲ, ಆಗ ಹಿತ್ತಲಲ್ಲಿ ನೂಲು ಹರವುತ್ತಿದ್ದೆ ಎಂದಳು. ಎರಡನೆಯ ಶೆಡ್ಡು ಎದ್ದದ್ದು ಆ ಕೆಲಸದಿಂದಲೇ. ಹಾಗಾದರೆ ನಾನು ಕೇಳಿದ್ದು ಏನನ್ನು ಎಂದು ಅವನು ಕೇಳಿದ್ದಕ್ಕೆ ಅವಳು ನಕ್ಕು, ಇನ್ನಷ್ಟು ಸಾರು ಬಡಿಸಿದ್ದಳು.

*

ಮಣ್ಣು ಮಾಡಿ ಹಿಂತಿರುಗಿದ ಮೇಲೆ ಕೆಲಸದ ಹೆಂಗಸು ಅವನ ಮುಂದೆ ಬಂದು ನಿಂತಳು. ನೂಲು ಹಂಡೆಯಲ್ಲೇ ಇದೆ, ಹೀಗೇ ಬಿಟ್ಟರೆ ಕಲೆ ಬೀಳುತ್ತದೆ, ಏನು ಮಾಡಲಿ? ಅವನು ಚಾದರದ ಕಡೆ ನೋಡಿದ. ಮಗಳು ತೋಳು ಮೇಲೇರಿಸಿಕೊಂಡು ಅದರ ಹಿಂದೆ ಹೋದಳು. ಕೋಲು ಬಣ್ಣದ ನೀರಲ್ಲಿ ಆಡುವ ಸದ್ದು ಶುರುವಾಯಿತು.

ಅವನ ಅಣ್ಣ ನೂಲಿನ ವ್ಯಾಪಾರಿಯೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿಷಯಕ್ಕೆ ಬಂದ. ಶೆಡ್ಡು, ಹಂಡೆ ಎಲ್ಲವನ್ನೂ ತೆಗೆದುಕೊಳ್ಳಲು ಇವರು ತಯಾರಿದ್ದಾರೆ; ಇವತ್ತು ಬಾಯಿಮಾತು ಸಾಕು.

"ಮಗಳು ನಡೆಸ್ತಾಳೇನೋ," ಎಂದ ಅವನು, ತನಗೇ ಹೇಳಿಕೊಂಡಂತೆ.

"ಅವಳ ಹತ್ರ ಯಾವ ವ್ಯಾಪಾರಿ ಬಂದು ಮಾತಾಡ್ತಾನೋ? ಸುಮ್ನೆ ಹೂಂ ಅನ್ನು."

ವ್ಯಾಪಾರಿ ತನ್ನ ಚಪ್ಪಲಿ ನೋಡಿಕೊಂಡ.

"ಶೆಡ್ಡು, ಹಂಡೆ, ಎಲ್ಲಾ ಇವರಿಗೆ ಬಿಟ್ಟುಕೊಡ್ಬೇಕು," ಎಂದ ಅವನು ಕುರ್ಚಿಯಿಂದಲೇ, ಜೋರಾಗಿ. "ಇವತ್ತೇ ಮಾತು ಕೊಡ್ಬೇಕು."

ಹೇಳಿ ಸುಮ್ಮನಾದ. ದುಃಖ ಉಕ್ಕಿತೆಂದು ಅಣ್ಣ ಅವನ ಹೆಗಲ ಮೇಲೆ ಕೈಯಿಟ್ಟ. ಒಳಗೆ ನೀರಿನ ಸದ್ದು ನಿಂತಿತು. ಟಕ್. ಇನ್ನೊಂದು ಬಿತ್ತೆ? ಅಷ್ಟರಲ್ಲಿ ವ್ಯಾಪಾರಿ ಕೆಮ್ಮಿದ. ಕೋಲು ಕೊಡವಿದ ಸದ್ದೋ? ಚಾದರದ ಹಿಂದಿನ ಏರ್ಪಾಡನ್ನು ಹೆಂಡತಿ ಮಗಳಿಗೆ ಹೇಳಿದ್ದಳೋ ಇಲ್ಲವೋ, ಅವನು ಎಂದೂ ಕೇಳಿರಲಿಲ್ಲ.

ಅವನು ಅಣ್ಣನ ಕೈ ಸರಿಸಿ, ಕುರ್ಚಿಯನ್ನು ಪೂರ್ತಿ ಚಾದರದ ಕಡೆ ತಿರುಗಿಸಿ ಕೂತ. ಇಷ್ಟು ವರ್ಷಗಳಲ್ಲಿ ಜನರೆದುರು ಅವನು ಹಾಗೆ ಕೂತದ್ದಿಲ್ಲ.

"ಸರಿಯಾಗಿ ಕೇಳಿಸ್ಲಿಲ್ಲಮ್ಮ," ಎಂದ. "ಇನ್ನೊಂದು ಸಲ."

ಅಣ್ಣನೂ ವ್ಯಾಪಾರಿಯೂ ಮುಖ ಮುಖ ನೋಡಿಕೊಂಡರು. ಬಡಿತ ಕೇಳಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿದ ಸದ್ದು ಕೇಳಿತು. ಚಾದರದ ಅಂಚನ್ನು ಹಿಡಿದು ಪಕ್ಕಕ್ಕೆ ಸರಿಸಿದ ಬೆರಳುಗಳು, ಉಗುರಿನ ಸಂದಿಯವರೆಗೂ, ನೀಲಿಯಾಗಿದ್ದವು.