ಏರಿಗೆಂದು ಇಟ್ಟ ಪೆಟ್ರೋಲು

ಪೆಟ್ರೋಲೆಲ್ಲ ಯುದ್ಧದ ಪಾಲಾದಾಗ ಧಣಿ ತನ್ನ ಬಸ್ಸುಗಳ ಬೆನ್ನಿಗೆ ಒಂದೊಂದು ಇದ್ದಿಲೊಲೆ ಕಟ್ಟಿಸಿದ. ಒಲೆಯೆಂದರೆ ಆಳೆತ್ತರದ ಕಬ್ಬಿಣದ ಪೀಪಾಯಿ. ಇದ್ದಿಲು ಅರೆಬರೆ ಉರಿದು ಹುಟ್ಟಿದ ಅನಿಲ ಕೊಳವೆ ಹಾದು ಎಂಜಿನ್ನಿಗೆ ಸೇರಬೇಕು. ಸಪಾಟು ರಸ್ತೆಯಲ್ಲಿ ಬಸ್ಸು ಹೇಗೋ ಓಡುತ್ತಿತ್ತು. ಏರು ಬಂದರೆ ಉಬ್ಬಸದ ಮುದುಕನ ಹಾಗೆ ಏದುತ್ತಿತ್ತು.

ಅದಕ್ಕೇ ಡ್ರೈವರ್ ಸೀಟಿನಡಿ ಪುಟ್ಟ ಟ್ಯಾಂಕು. ಅದರಲ್ಲಿ ಪೆಟ್ರೋಲು, ಏರಿನಲ್ಲಿ ಎಂಜಿನ್ ತೀರ ಕೈಕೊಟ್ಟರೆ ಮಾತ್ರ. ಅದನ್ನು ತುಂಬಿಸಿ, ನಲ್ಲಿಗೂ ಮುಚ್ಚಳಕ್ಕೂ ತಂತಿ ಬಿಗಿದು ಇಕ್ಕಳದಿಂದ ಸೀಸದ ಮುದ್ರೆ ಒತ್ತುವವನು ಶೆಡ್ಡಿನ ಮೇಸ್ತ್ರಿ. ಸುಮ್ಮನೆ ಒಡೆದು ನೋಡಿದ ಡ್ರೈವರ್‌ಗೆ ಕಳ್ಳನ ಪಟ್ಟ. ಮಸಿಯಪ್ಪನೆಂದು ಹೆಸರಾದ ಡ್ರೈವರ್‌ಗಂತೂ ನೋಡಬೇಕೆಂದು ಅನಿಸಿಯೂ ಇರಲಿಲ್ಲ. ಮೇಸ್ತ್ರಿ ಅವನ ಅಕ್ಕನ ಗಂಡ. ಭಾವ ಒತ್ತಿದ ಮುದ್ರೆ.

ಆ ಮಧ್ಯಾಹ್ನ ಬಸ್ಸು ಕಿಕ್ಕಿರಿದಿತ್ತು. ಮುಂದಿನ ಸೀಟಿನಲ್ಲಿ ಅಕ್ಕ.

“ಏನೋ ಮಸಿಯಪ್ಪ, ನಿನ್ನ ಒಲೇಲಿ ಅನ್ನ ಬೇಯುತ್ತಾ?” ಹಿಂದಿನಿಂದ ಯಾರೋ ಕೆಣಕಿದರು.

“ನೀವು ಇಳಿದು ಊದಿದ್ರೆ ಬೇಯುತ್ತೆ.”

ಏರಿನ ನಡುವೆ ಎಂಜಿನ್ ಬಿಕ್ಕಿತು. ಮಸಿಯಪ್ಪ ತಂತಿ ಕಿತ್ತು ನಲ್ಲಿ ತಿರುಗಿಸಿದ. ಎಂಜಿನ್ನಿಗೆ ಹನಿಯೂ ಇಳಿಯಲಿಲ್ಲ. ಬಸ್ಸು ಹಿಂದಕ್ಕೆ ಜಾರಿತು. ಅಷ್ಟು ಭಾರಕ್ಕೆ ಬ್ರೇಕು ಹಿಡಿಯಲಿಲ್ಲ. ಹಿಂಬದಿಯನ್ನು ದಿಬ್ಬಕ್ಕೆ ಗುದ್ದಿಸಿ ನಿಲ್ಲಿಸಿದ. ಒಲೆ ಬಿರಿದು ಕೆಂಡ ಚೆಲ್ಲಿತು. ಜನರನ್ನು ಇಳಿಸುವಾಗ ಕೆಂಡ ತಾಗಿ ಅಕ್ಕನ ಅಂಗೈ ಬೆಂದಿತು.

ಟ್ಯಾಂಕಿನ ಮುಚ್ಚಳದ ಮುದ್ರೆ ಹಾಗೇ ಇತ್ತು. ಅದನ್ನೂ ಕಿತ್ತು ಕಡ್ಡಿ ಇಳಿಬಿಟ್ಟ. ಕಡ್ಡಿ ಒಂದಿಷ್ಟೂ ನೆನೆಯದೆ ಮೇಲೆ ಬಂತು. ಮುದ್ರೆಯ ಇಕ್ಕಳ ಊರಿಗೆಲ್ಲ ಒಂದೇ, ಭಾವನ ಸೊಂಟದಲ್ಲಿ.

ಅಕ್ಕ ತಮ್ಮ ಇಬ್ಬರೂ ಶೆಡ್ಡಿಗೆ ನಡೆದು ಬಂದರು. ಅಲ್ಲಿ ಧಣಿಯ ಕಾರು ನಿಂತಿತ್ತು. ಅದರ ಬೆನ್ನಿಗೆ ಒಲೆಯಿರಲಿಲ್ಲ. ಭಾವ ಡಬ್ಬದಿಂದ ಅದಕ್ಕೆ ಪೆಟ್ರೋಲು ಸುರಿಯುತ್ತಿದ್ದ.

“ಭಾವ, ನನ್ನ ಟ್ಯಾಂಕು ತುಂಬಿಸಿದ್ರಾ?”

“ಮುದ್ರೆ ನೋಡ್ಲಿಲ್ವಾ?”

“ಇಷ್ಟು ದಿನ ಅದನ್ನೇ ಅಲ್ವಾ ನೋಡಿದ್ದು. ಇವತ್ತು ಏರಲ್ಲಿ ಹನೀನೂ ಇಳೀಲಿಲ್ಲ.”

ಭಾವ ಡಬ್ಬ ಕೆಳಗಿಟ್ಟ. “ಧಣಿ ಕೇಳಿದ್ರೆ ಇಲ್ಲ ಅನ್ನೋಕಾಗುತ್ತೇನಪ್ಪ? ನಿನಗೆ ಸ್ಟೇರಿಂಗ್ ಕೊಟ್ಟಿದ್ದೂ ಅವರೇ. ಏರಲ್ಲಿ ನಿಂತ್ರೆ ಜನ ಇಳಿದು ತಳ್ತಾರೆ, ಏನ್ ಮಹಾ.”

ಬಾಗಿಲಲ್ಲಿದ್ದ ಅಕ್ಕ ಮುಂದೆ ಬಂದಳು, ಅಂಗೈಗೆ ಸೆರಗು ಸುತ್ತಿಕೊಂಡು. ಭಾವನ ಮುಖ ಬಿಳಿಚಿತು.

“ನೀನಿದ್ದೆಯಾ ಆ ಬಸ್ಸಲ್ಲಿ? ಮೊದ್ಲೇ ಗೊತ್ತಿದ್ದಿದ್ರೆ...”

“ಗೊತ್ತಿದ್ದಿದ್ರೆ? ನನ್ನೊಬ್ಬಳನ್ನ ಇಳಿಸ್ಕೋತಿದ್ರಾ?”

ಅವಳು ಸುಡದಿದ್ದ ಕೈಯಿಂದ ಗಂಡನ ಸೊಂಟದ ಇಕ್ಕಳ ಎಳೆದು ತಮ್ಮನಿಗೆ ಕೊಟ್ಟಳು. ಮಸಿಯಪ್ಪ ಪಕ್ಕದ ಬಸ್ಸಿನ ಮುದ್ರೆ ಕತ್ತರಿಸಿದ. ಒಣ ಕಡ್ಡಿ. ಉಳಿದ ಡ್ರೈವರ್‌ಗಳು ಹತ್ತಿರ ಬಂದರು. ಒಬ್ಬ ಕೈ ಚಾಚಿದ. ಇಕ್ಕಳ ಅವನ ಕೈಗೆ ಹೋಯಿತು, ಅಲ್ಲಿಂದ ಇನ್ನೊಬ್ಬನ ಕೈಗೆ. ಎಲ್ಲ ಕಡ್ಡಿಗಳೂ ಒಣಗಿದ್ದವು.

ಮರುದಿನ ಬೆಳಿಗ್ಗೆ ಯಾವ ಒಲೆಗೂ ಯಾರೂ ಕಿಚ್ಚಿಡಲಿಲ್ಲ. ಶೆಡ್ಡಿನ ಬಾಗಿಲಿಗೆ ಅಡ್ಡಲಾಗಿ ಡ್ರೈವರ್‌ಗಳು ಕೂತಿದ್ದರು. ರಾತ್ರಿ ಗಂಡನ ಮನೆಗೆ ಹೋಗದಿದ್ದ ಅಕ್ಕ ಇದ್ದಿಲ ಚೀಲದ ಮೇಲೆ, ತಮ್ಮನ ಪಕ್ಕದಲ್ಲಿ. ಭಾವ ಬಂದ, ನಿಂತ. ಯಾರೂ ಸರಿದು ಜಾಗ ಕೊಡಲಿಲ್ಲ.