ನರೆತ ಕುದುರೆಯ ಕಪ್ಪು ಮರಿ

ಬಿಳಿ ಕುದುರೆಯ ಹೊಟ್ಟೆಯಲ್ಲಿ ಕಾಡಿಗೆಯಂಥ ಮರಿ ಹುಟ್ಟಿದರೆ ಯಾರಿಗೆ ತಾನೇ ಅನುಮಾನ ಬರುವುದಿಲ್ಲ? ಸಾರೋಟಿನ ಅಕ್ಕನಿಗೂ ಬಂತು. ಬಿಳಿ ಜೋಡಿಗೇ ಹೆಸರಾದ ಸಾರೋಟು ಅವಳದು. ಜೋಡಿಯ ಗಂಡು ಮುದಿಯಾಗಿತ್ತು. ಅದರ ಜಾಗಕ್ಕೊಂದು ಬಿಳಿ ಮರಿ ಬೇಕೆಂದು ಹೆಣ್ಣು ಕುದುರೆಯನ್ನು ತಮ್ಮನ ಜೊತೆ ಊರಾಚೆಯ ಲಾಯಕ್ಕೆ, ಅಲ್ಲಿನ ಬಿಳಿ ಗಂಡಿನ ಹತ್ತಿರ ಕಳಿಸಿದ್ದಳು. ತಮ್ಮನಿಗೆ ಬೀದಿಯವರಿಟ್ಟ ಹೆಸರೇ ಬೊಗಳೆ. ಅವನ ಬಾಯಲ್ಲಿ ಇಲಿ ಹುಲಿಯಾಗುತ್ತಿತ್ತು. ಇನ್ನು ಕೇಳಬೇಕೆ?

"ಯಾವುದೋ ಕರಿ ಕುದುರೆ ಹತ್ರ ಬಿಟ್ಟು, ಬಿಳೀದು ಅಂತ ನನ್ನ ಕಿವಿಗೆ ಹೂ ಇಟ್ಟೆಯಲ್ಲೋ!"

"ಇಲ್ಲ ಅಕ್ಕಾ, ಬಿಳೀದೇ. ನನ್ನಾಣೆ."

"ನಿನ್ನ ಆಣೆಗೆ ಮೂರು ಕಾಸಿನ ಬೆಲೆ ಇಲ್ಲ."

ಆ ಮಾತು ನಾಟಿತು. ಅವನು ಮನೆಯ ಲಾಯದ ಅಟ್ಟ ಹತ್ತಿ ಬಟ್ಟೆಬರೆ ಗಂಟು ಕಟ್ಟತೊಡಗಿದ. ಅವನು ಹೋದರೆ ತನ್ನವರೆಂದು ಅವಳಿಗೆ ಇನ್ಯಾರೂ ಇರಲಿಲ್ಲ. ಆದರೂ ಅವಳದು ಒಂದೇ ಹಟ.

ಬಾಣಂತಿ ಕುದುರೆಯನ್ನು ನೋಡಲು ಬಂದಿದ್ದ ಡಾಕ್ಟರಮ್ಮ ಜಗಳವೆಲ್ಲ ಕೇಳಿಸಿಕೊಂಡು, "ಇದು ಬಿಳಿ ಕುದುರೆ ಅಂತ ಯಾರು ಹೇಳಿದ್ದು?" ಎಂದರು.

"ನಮಗೆ ಕಣ್ಣಿಲ್ವಾ?"

"ಒಂದು ಚೊಂಬು ನೀರು ತನ್ನಿ."

ಕುದುರೆಯ ಕುತ್ತಿಗೆ ನೆನೆಸಿ ಕೂದಲು ಸರಿಸಿದರೆ, ಅಡಿಯ ಚರ್ಮ ಹೆಂಚಿನ ತಳದಷ್ಟು ಕಪ್ಪು. ಮೈ ತಿಕ್ಕುವಾಗ ಅಕ್ಕ ಎಷ್ಟೋ ಸಲ ಕಂಡಿದ್ದಳು. ಯಾಕೆ ಹೀಗೆ ಅಂತ ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಇದು ಬಿಳಿ ಅಲ್ಲಮ್ಮ, ನರೆತಿರೋದು. ನಮ್ಮ ತಲೆ ನರೆಯೋ ಹಾಗೆ. ಹುಟ್ಟಿದಾಗ ಇದೂ ಕಪ್ಪೋ ಕೆಂಪೋ ಇದ್ದಿರುತ್ತೆ."

"ಅಯ್ಯೋ! ನಾನು ಕೊಂಡಾಗಲೇ ಬೆಳ್ಳಗಿತ್ತಲ್ಲ. ಹಾಗಾದ್ರೆ ಈ ಮರೀನೂ ನರೆಯುತ್ತಾ?"

"ನರೆಯೋ ಗುಣ ಅಮ್ಮನಿಂದಲೋ ಅಪ್ಪನಿಂದಲೋ ಬಂದಿದ್ರೆ ನರೆಯುತ್ತೆ. ಅಪ್ಪನೂ ಹೀಗೆ ನರೆತದ್ದೇ ಆಗಿ, ಇಬ್ಬರಲ್ಲೂ ಆ ಗುಣ ಅರ್ಧ ಪಾಲಷ್ಟೇ ಇದ್ರೆ, ಮರಿಗೆ ಎರಡು ಕಡೆಯಿಂದಲೂ ಅದು ತಪ್ಪಿ ಸಾಯೋವರೆಗೂ ಕಪ್ಪಾಗೇ ಉಳೀಬಹುದು. ಕಣ್ಣಿನ ಸುತ್ತ ಹುಡುಕಿ. ಬಿಳಿ ಕೂದಲು ಮೊದಲು ಕಾಣೋದು ಅಲ್ಲೇ."

"ಅಂದ್ರೆ, ಬಣ್ಣ ನೋಡಿ ನನ್ನ ತಮ್ಮ ಸುಳ್ಳು ಹೇಳ್ದ ಅನ್ನೋಕಾಗಲ್ವಾ?"

"ನಿಜ ಹೇಳ್ದ ಅನ್ನೋಕೂ ಆಗಲ್ಲ," ಎಂದು ಡಾಕ್ಟರಮ್ಮ ಚೀಲ ಎತ್ತಿಕೊಂಡು ಹೊರಟರು.

ಅಕ್ಕ ಹುಲ್ಲಿನ ಮೇಲೆ ಮಂಡಿಯೂರಿದಳು. ಮರಿಯ ಮುಖ ಬೆಳಕಿಗೆ ತಿರುಗಿಸಿ ರೆಪ್ಪೆಯ ಮೇಲೆ, ಕೆಳಗೆ, ಕಣ್ಣಿನ ಮೂಲೆಯಲ್ಲಿ ಕೂದಲು ಬಿಡಿಸಿ ಬಿಡಿಸಿ ಹುಡುಕಿದಳು. ಅದು ಅವಳ ಗಲ್ಲ ನೆಕ್ಕಿತು. "ತರಲೆ, ಸುಮ್ನಿರು!" ಎಂದು ಗದರಿ ಇನ್ನೊಂದು ಕಣ್ಣು ನೋಡಿದಳು.

ತಮ್ಮ ಗಂಟು ಹೊತ್ತು ಅಟ್ಟದಿಂದ ಇಳಿದ. ಡಾಕ್ಟರಮ್ಮನ ಮಾತು ಅವನಿಗೂ ಕೇಳಿಸಿತ್ತು.

"ಸಿಕ್ತಾ ಬಿಳಿ ಕೂದಲು?"

ಹೂಂ ಅಂದುಬಿಟ್ಟಿದ್ದರೆ ಸುಲಭವಾಗಿ ಮುಗಿಯುತ್ತಿತ್ತು.

"ಇಲ್ಲ ಕಣೋ. ಒಂದೂ ಇಲ್ಲ." ಎದ್ದು ಅವನ ಕೈಯಿಂದ ಗಂಟು ಕಿತ್ತುಕೊಂಡಳು. "ನೀನು ಬಿಳೀದು ಅಂದೆ ತಾನೇ? ಬಿಳೀದೇ."