ಡೋಲಿನೊಳಗಿನ ಏಳು ಬೀಜ

ಊರಿಗೆಲ್ಲ ಅವನು ಡೋಲು ಡಾಕ್ಟರ್. ಯಾವ್ಯಾವ ದೇಶದ್ದೋ ತಾಳವಾದ್ಯಗಳು ಅವನ ಅಂಗಡಿಗೆ ದುರಸ್ತಿಗೆ ಬರುತ್ತಿದ್ದವು: ಬೆರಳಲ್ಲಿ ನುಡಿಸುವ ಮಡಕೆ, ಮೀನಿನ ಚರ್ಮ ಬಿಗಿದ ಪುಟ್ಟ ಡೋಲು, ಇಬ್ಬರು ಎದುರುಬದುರು ನಿಂತು ಬಡಿಯುವ ಮರದ ದಿಮ್ಮಿ. ತಾಳ ಎಲ್ಲಿಯದಾದರೂ ಇರಲಿ, ನಾದ ಮಾತ್ರ ಶುದ್ಧವಾಗಿರಬೇಕು ಎಂಬುದು ಅವನ ಹಟ. ಆ ವಿಷಯಕ್ಕೆ ಬಂದರೆ ಮೂಗಿನ ತುದಿಯಲ್ಲೇ ಕೋಪ.

ದೂರದೇಶದಿಂದ ಬಂದು ನೆಲೆಸಿದ್ದ ಹೆಂಗಸೊಬ್ಬಳು ಚರ್ಮ ಹರಿದ ಡೋಲು ತಂದಳು.

"ಮುಂದಿನ ವಾರ ಅಕ್ಕನ ಮಗಳ ಮದುವೆ. ಈ ಡೋಲು ಇಲ್ದೆ ನಮ್ಮವರು ಯಾರೂ ಹೆಜ್ಜೆ ಹಾಕೋದಿಲ್ಲ. ಅಪ್ಪ ಹೋದ್ಮೇಲೆ ಬಾರಿಸೋದು ನಾನೇ," ಎಂದು ಹೇಳಿ ಬಿಟ್ಟುಹೋದಳು.

ಚರ್ಮ ಬಿಚ್ಚಿದರೆ ಒಳಗಿನಿಂದ ಏಳು ಕರಿ ಬೀಜ ಉದುರಿದವು. ಇಲಿ ಸೇರಿಸಿಟ್ಟ ಕಸ ಎಂದುಕೊಂಡು ಗುಡಿಸಿ ಮೂಲೆಗೆ ತಳ್ಳಿದ. ಹೊಸ ಚರ್ಮ ಬಿಗಿದು ತಟ್ಟಿದರೆ ಗಂಟೆಯಂಥ ನಾದ. ತನಗೆ ತಾನೇ ಭೇಷ್ ಅಂದುಕೊಂಡ.

ಮದುವೆಯ ಹಿಂದಿನ ದಿನ ಹೆಂಗಸು ಬಂದಳು. ಡೋಲಿಗೆ ಒಂದು ಪೆಟ್ಟು ಹಾಕಿ, ಕಿವಿಗೊಟ್ಟು ಕಾದಳು. ಮತ್ತೊಂದು ಹಾಕಿ ಕಾದಳು. ಮುಖ ಬಿಳಿಚಿಕೊಂಡಿತು.

"ಒಳಗಿದ್ದ ಬೀಜ ಎಲ್ಲಿ ಮಾಸ್ಟ್ರೇ?"

"ಕಸ ಅಲ್ವೇನಮ್ಮಾ ಅದು? ಗರಗರ ಅಂತಿತ್ತು, ತೆಗೆದೆ."

"ಆ ಗರಗರಾನೇ ನಮ್ಮ ತಾಳ. ಒಂದು ಪೆಟ್ಟು ಹಾಕಿ, ಬೀಜ ಉರುಳಿ ನಿಲ್ಲೋವರೆಗೂ ಕಾಯ್ಬೇಕು. ನಿಂತಾಗ ಇನ್ನೊಂದು. ಅದು ಕೇಳಿದ್ರೇನೇ ಹೆಜ್ಜೆ. ಒಂದೊಂದು ಮಗು ಹುಟ್ಟಿದಾಗ್ಲೂ ಅಪ್ಪ ಒಂದೊಂದು ಬೀಜ ಹಾಕಿದ್ರು. ನಾವು ಏಳು ಜನ."

ಡಾಕ್ಟರ್ ಬೀಜ ತಳ್ಳಿದ್ದ ಮೂಲೆಗೆ ಹೋಗಿ ನೋಡಿದ; ಅಲ್ಲಿ ಒಂದೂ ಇರಲಿಲ್ಲ. ನಲವತ್ತು ವರ್ಷದ ಕಸುಬುದಾರನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು.

ಹಿತ್ತಲಿಂದ ಹೆಂಡತಿ ಕೂಗಿದಳು: "ನಾನು ಅದನ್ನ ಎಸೆದಿಲ್ಲ ಕಣ್ರೀ! ಬೀಜ ಅಲ್ವಾ ಅಂತ ಹೂವಿನ ಕುಂಡದಲ್ಲಿ ಊರಿದೀನಿ. ಒಂದೂ ಮೊಳಕೆ ಒಡೆದಿಲ್ಲ, ಥೇಟ್ ನಿಮ್ಮ ಹಾಗೇ ಮೊಂಡು."

ಮೂವರೂ ಕುಂಡದ ಮಣ್ಣನ್ನು ಹಳೇ ಪೇಪರಿನ ಮೇಲೆ ಸುರಿದು ಕೆದಕಿದರು. ಆರು ಸಿಕ್ಕವು. ಎರಡೆರಡು ಸಲ ಜರಡಿ ಹಿಡಿದರೂ ಏಳನೆಯದರ ಸುಳಿವಿಲ್ಲ.

ಹೆಂಗಸು ಆರನ್ನೂ ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಇಟ್ಟಳು. "ದೊಡ್ಡೋರಿಗೆ ದೊಡ್ಡ ಬೀಜ, ಚಿಕ್ಕೋರಿಗೆ ಚಿಕ್ಕದು. ಕಳೆದಿರೋದು ಕೊನೇದು," ಎಂದಳು. "ನಂದು."

ಡಾಕ್ಟರ್ ತಲೆ ಎತ್ತಲಿಲ್ಲ. ಚರ್ಮ ಬಿಚ್ಚಿ, ಬೀಜಗಳನ್ನು ಅವಳ ಕೈಯಿಂದಲೇ ಹಾಕಿಸಿ, ಮತ್ತೆ ಬಿಗಿದ. ಅವಳು ಒಂದು ಪೆಟ್ಟು ಹಾಕಿದಳು. ಗರಗರ ಉರುಳಿ ನಿಂತಿತು. ನಿಂತಲ್ಲಿಗೆ ಸರಿಯಾಗಿ ಇನ್ನೊಂದು ಪೆಟ್ಟು. ಅವಳ ಪಾದ ತಾನಾಗಿ ಎದ್ದಿತು.

"ಬೇರೆ ಬೀಜ ಒಂದು ಹಾಕ್ಲೇನಮ್ಮಾ?"

"ಬೇಡಿ ಮಾಸ್ಟ್ರೇ. ಅವ್ರು ಆರು ಜನ ಒಳಗಿರ್ಲಿ. ಬಾರಿಸೋಕೆ ನಾನು ಹೊರಗೆ ಇದೀನಲ್ಲ."

ಅವಳು ಹೋದ ಮೇಲೆ ಡಾಕ್ಟರ್ ಮಣ್ಣನ್ನು ಮೂರನೆಯ ಸಲ ಜರಡಿ ಹಿಡಿದ.